ಮಣ್ಣು ಸರ್ಕಾರದ್ದು, ಕೆಳಗಿನ ಗ್ಯಾಸ್ ಯಾರದ್ದೋ

ಅಪ್ಪಯ್ಯ ಸಾಗರದಿಂದ ಬಂದಿದ್ದಾಗ ಪೆನ್ಸಿಲ್ವೇನಿಯಾದ ಕಾಡು ತೋರಿಸೋಣ ಅಂತ ಟಯಡಾಟನ್ ಸ್ಟೇಟ್ ಫಾರೆಸ್ಟಿಗೆ ಕರೆದುಕೊಂಡು ಹೋಗಿದ್ದೆ. ಪೈನ್ ಕ್ರೀಕ್ ಹೊಳೆ, ದಡದಲ್ಲಿ ಹೆಮ್‌ಲಾಕ್ ಮರಗಳು, ಮೇಲೆ ಹತ್ತುವ ಜಲ್ಲಿ ರಸ್ತೆ. ಅಷ್ಟರಲ್ಲಿ ಎದುರಿಂದ ನೀರಿನ ಟ್ಯಾಂಕರ್ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಾರನ್ನು ಅಂಚಿಗೆ ಒತ್ತಿ ನಿಲ್ಲಿಸಿ ಏಳು ಟ್ಯಾಂಕರ್‌ಗಳಿಗೆ ದಾರಿ ಬಿಟ್ಟೆವು. ಧೂಳು ಇಳಿದ ಮೇಲೆ ಅಪ್ಪಯ್ಯ ಕೇಳಿದರು: "ಅಲ್ಲ ಮಾರಾಯ, ಇದು ಸರ್ಕಾರಿ ಕಾಡು ಅಂದೆಯಲ್ಲ? ನಮ್ಮಲ್ಲಿ ಒಂದು ಮರ ಕಡಿದರೆ ಗಾರ್ಡ್ ಅಂಗಳಕ್ಕೇ ಬರ್ತಾನೆ. ಇವರನ್ನು ಯಾರು ಒಳಗೆ ಬಿಟ್ಟರು?"

ಆವತ್ತು ಏನೋ ಹಾರಿಕೆಯ ಉತ್ತರ ಕೊಟ್ಟೆ. ಗೊತ್ತಿದ್ದರಲ್ವಾ ಹೇಳೋದು? ಆಮೇಲೆ ಕೂತು ಓದಿದೆ.

ಆ ಕಾಡಿನಡಿ ಮಾರ್ಸೆಲಸ್ ಎಂಬ ಶೇಲ್ ಕಲ್ಲಿನ ಪದರ ಇದೆ. ಸಾವಿರಾರು ಅಡಿ ಆಳ. ಗ್ಯಾಸ್ ಆ ಕಲ್ಲಿನೊಳಗೇ ಸಿಕ್ಕಿಕೊಂಡಿದೆ. ಕೆಳಗೆ ಕೊರೆದು, ಅಡ್ಡಕ್ಕೆ ತಿರುಗಿಸಿ, ಮರಳು ಮತ್ತು ಕೆಮಿಕಲ್ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಬಿರುಕು ಬಿಡಿಸಬೇಕು. ಇದಕ್ಕೇ ಫ್ರ್ಯಾಕಿಂಗ್ ಅನ್ನೋದು. ಒಂದೊಂದು ಬಾವಿಗೂ ಒಂದೂವರೆ ಕೋಟಿ ಲೀಟರ್‌ಗಿಂತ ಜಾಸ್ತಿ ನೀರು ಬೇಕಾಗುವುದುಂಟು. ಟ್ಯಾಂಕರ್‌ಗಳ ಸಾಲು ಅದಕ್ಕೇ. ಕುಡಿಯುವ ನೀರನ್ನು ಕಾಯುವ ಕೇಂದ್ರದ ಕಾಯ್ದೆಯೊಂದು ಅಮೆರಿಕದಲ್ಲಿದೆ. ನೆಲದೊಳಗೆ ಏನು ಪಂಪ್ ಮಾಡಬಹುದು ಅನ್ನೋದಕ್ಕೆ ಅದರಲ್ಲಿ ನಿಯಮ ಇದೆ. 2005ರಲ್ಲಿ ಸಂಸತ್ತು ಫ್ರ್ಯಾಕಿಂಗನ್ನು ಅದರಿಂದ ಹೊರಗಿಟ್ಟಿತು, ಡೀಸೆಲ್ ಬಳಸಿದರೆ ಮಾತ್ರ ಲೆಕ್ಕಕ್ಕೆ. ಉಳಿದದ್ದನ್ನು ರಾಜ್ಯಗಳು ನೋಡಿಕೊಳ್ಳಬೇಕು.

ಇನ್ನು ಒಳಗೆ ಬಿಟ್ಟವರು ಯಾರು? ನಮ್ಮ ಸೊಪ್ಪಿನಬೆಟ್ಟದ ಲೆಕ್ಕ ನಿಮಗೆ ಗೊತ್ತಿರಬಹುದು. ನೆಲ ಸರ್ಕಾರದ್ದು, ತೋಟಕ್ಕೆ ಸೊಪ್ಪು ತರುವ ಹಕ್ಕು ನಮ್ಮದು. ಇಲ್ಲಿ ಅದು ತಲೆಕೆಳಗು. ನೆಲದ ಮೇಲಿನದು ಒಬ್ಬರದು, ಕೆಳಗಿನದು ಇನ್ನೊಬ್ಬರದು ಆಗಬಹುದು. ನೂರು ವರ್ಷದ ಹಿಂದೆ ಮರದ ವ್ಯಾಪಾರಿಗಳು ಈ ಗುಡ್ಡಗಳನ್ನು ಬೋಳಿಸಿದ್ದರು. ಹತ್ತಿರದ ವಿಲಿಯಮ್ಸ್‌ಪೋರ್ಟ್ ಊರು ಆ ದುಡ್ಡಿನಿಂದಲೇ ಬೆಳೆದದ್ದು. ಅಲ್ಲಿನ ಹೈಸ್ಕೂಲ್ ಟೀಮಿಗೆ ಇವತ್ತಿಗೂ 'ಮಿಲಿಯನೇರ್ಸ್' ಅಂತಲೇ ಹೆಸರು! ಬೋಳು ಗುಡ್ಡಗಳನ್ನು ರಾಜ್ಯ ಅಗ್ಗಕ್ಕೆ ಕೊಂಡು ಕಾಡು ಬೆಳೆಸಿತು. ಈಗ ಸುಮಾರು 22 ಲಕ್ಷ ಎಕರೆ. ಆದರೆ ಎಷ್ಟೋ ಕಡೆ ಮಾರಿದವರು ಕೆಳಗಿನ ಖನಿಜದ ಹಕ್ಕನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಇದೇ ರಾಜ್ಯದ ಲಾಯಲ್‌ಸಾಕ್ ಎಂಬ ಸರ್ಕಾರಿ ಕಾಡಿನಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದದ್ದು ಇದೇ ವಿಷಯಕ್ಕೆ.

ಅದು ಹಳೇ ಕಾಗದಪತ್ರದ ತೊಡಕು, ಬಿಡಿ. ನನಗೆ ಸಿಟ್ಟು ಬರುವುದು ರಾಜ್ಯದ ಕೈಯಲ್ಲೇ ಹಕ್ಕು ಇದ್ದ ಕಡೆ ನಡೆದದ್ದಕ್ಕೆ. 2008ರಿಂದ 2010ರೊಳಗೆ ಸುಮಾರು 1.38 ಲಕ್ಷ ಎಕರೆ ಕಾಡು ಗ್ಯಾಸ್ ಲೀಸಿಗೆ ಹೋಯಿತು. ಕಾಡಿನಿಂದ ಬಂದ ಇಂಥ ಹಣವನ್ನು ಕಾಡು, ನೀರು, ಪಾರ್ಕುಗಳಿಗೆ ಖರ್ಚು ಮಾಡಬೇಕು ಅಂತ 1955ರಲ್ಲೇ ಪ್ರತ್ಯೇಕ ನಿಧಿ ಮಾಡಿಟ್ಟಿದ್ದರು. ಆರ್ಥಿಕ ಹಿಂಜರಿತ ಬಂತು, ಬಜೆಟ್‌ನಲ್ಲಿ ತೂತು ಬಿತ್ತು, ಎಲ್ಲರ ಕಣ್ಣು ಆ ನಿಧಿಯ ಮೇಲೆ ಬಿತ್ತು. 2009-10ರಲ್ಲಿ 14.3 ಕೋಟಿ ಡಾಲರ್ ಸಾಮಾನ್ಯ ಖಜಾನೆಗೆ ಹೋಯಿತು. ಮರು ವರ್ಷ ಮತ್ತೆ. ದೇವಸ್ಥಾನದ ಹುಂಡಿ ಒಡೆದು ಧರ್ಮದರ್ಶಿ ಮನೆಸಾಲ ತೀರಿಸಿಕೊಂಡ ಹಾಗೆ.

ಧರ್ಮದರ್ಶಿ ಅನ್ನೋ ಮಾತನ್ನು ಸುಮ್ನೆ ಹೇಳಿದ್ದಲ್ಲ. 1971ರಲ್ಲಿ ಜನ ಮತ ಹಾಕಿ ಈ ರಾಜ್ಯದ ಸಂವಿಧಾನಕ್ಕೆ ಒಂದು ಕಲಂ ಸೇರಿಸಿದರು. ಶುದ್ಧ ಗಾಳಿ, ನೀರು ಜನರ ಹಕ್ಕು. ಸಾರ್ವಜನಿಕ ನಿಸರ್ಗ ಸಂಪತ್ತು ಎಲ್ಲರದು, ಇನ್ನೂ ಹುಟ್ಟದವರದ್ದೂ. ಸರ್ಕಾರ ಅದರ ಟ್ರಸ್ಟಿ ಅಷ್ಟೇ. ನಲವತ್ತು ವರ್ಷ ಈ ಕಲಂ ಹೆಚ್ಚುಕಮ್ಮಿ ಗೋಡೆಯ ಫೋಟೋ ಆಗಿತ್ತು. ಒಂದು ಪರಿಸರ ಸಂಘಟನೆ ಕೋರ್ಟಿಗೆ ಹೋಯಿತು. ಕಾಡಿನ ಗ್ಯಾಸ್ ರಾಯಲ್ಟಿ ಟ್ರಸ್ಟಿನ ಮೂಲಧನ, ಅದನ್ನು ಕಂಡಕಂಡದ್ದಕ್ಕೆ ಬಳಸುವಂತಿಲ್ಲ ಎಂದು 2017ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಪೂರ್ತಿ ಗೆಲುವೇನೂ ಅಲ್ಲ. ಆ ಹಣದಲ್ಲಿ ಅರಣ್ಯ ನೋಡಿಕೊಳ್ಳುವ ಇಲಾಖೆಯ ಖರ್ಚು ತೂಗಿಸಬಹುದು ಅಂತ 2022ರಲ್ಲಿ ಅದೇ ಕೋರ್ಟ್ ಒಪ್ಪಿತು. ಕಾಡು ಕಾಯುವವರ ಸಂಬಳವೇ ಕಾಡು ಕೊರೆದ ದುಡ್ಡಿನಿಂದ ಬಂದರೆ ಅವರು 'ಬೇಡ' ಅನ್ನುವುದು ಹೇಗೆ?

ನಮ್ಮ ಮನೆಯ ಒಲೆಯೂ ಗ್ಯಾಸೇ, ಚಳಿಗಾಲದ ಹೀಟರೂ ಗ್ಯಾಸೇ. ಟೆಕ್ಸಸ್ ಬಿಟ್ಟರೆ ಅತಿ ಹೆಚ್ಚು ಗ್ಯಾಸ್ ತೆಗೆಯುವುದು ಈ ರಾಜ್ಯ. ಗ್ಯಾಸ್ ಬಂದ ಮೇಲೆ ಕಲ್ಲಿದ್ದಲು ಸುಡುವುದು ಕಮ್ಮಿಯಾದದ್ದೂ ನಿಜ. ಗ್ಯಾಸ್ ಬೇಡವೇ ಬೇಡ ಅನ್ನುವ ಮುಖ ನನಗಿಲ್ಲ. ಆದರೆ ಖಾಸಗಿ ಜಮೀನಿನಲ್ಲಿ ಬೇಕಾದಷ್ಟು ಬಾವಿಗಳಿವೆ. ಕಾಡಿಗೂ ಯಾಕೆ ಬರಬೇಕು? ಬಾವಿ ಕೊರೆಯುವ ಜಾಗಕ್ಕೆ, ಅಂದರೆ ಒಂದು ಪ್ಯಾಡಿಗೆ, ನಾಲ್ಕೈದು ಎಕರೆ ಸಪಾಟು ಮಾಡಿದರೆ ಅಲ್ಲಿಗೇ ಮುಗಿಯುವುದಿಲ್ಲ. ರಸ್ತೆ ಬೇಕು, ಪೈಪ್‌ಲೈನಿಗೆ ಕಾಡು ಸೀಳಬೇಕು, ಗ್ಯಾಸನ್ನು ಪೈಪಿಗೆ ಒತ್ತುವ ಕಂಪ್ರೆಸರ್ ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಕಾಡಿನ ನಟ್ಟನಡುವೆ ಮಾತ್ರ ಬದುಕುವ ಹಕ್ಕಿಗಳಿಗೆ ನಟ್ಟನಡುವೆ ಅನ್ನೋದೇ ಉಳಿಯುವುದಿಲ್ಲ.

ಹೊಸ ಲೀಸಿಗೆ ತಡೆ ಬಿದ್ದದ್ದು 2010ರ ಅಕ್ಟೋಬರಿನಲ್ಲಿ. ಹಾಕಿದವರು ಗವರ್ನರ್ ಎಡ್ ರೆಂಡೆಲ್, ಮೊದಲು ಲೀಸ್ ಕೊಟ್ಟವರೂ ಅವರೇ. ಕುರ್ಚಿ ಬಿಡಲು ಮೂರೇ ತಿಂಗಳಿತ್ತು! 2014ರಲ್ಲಿ ಟಾಮ್ ಕಾರ್ಬೆಟ್ ಅದನ್ನು ಸಡಿಲಿಸಿದರು. 2015ರ ಜನವರಿಯಲ್ಲಿ ಟಾಮ್ ವುಲ್ಫ್ ಮತ್ತೆ ಬಿಗಿದರು. ಮೂರೂ ಸಲ ನಡೆದದ್ದು ಗವರ್ನರ್ ಸಹಿಯ ಮೇಲೆ, ಕಾಯ್ದೆ ಅಲ್ಲ. ನಾಳೆ ಇನ್ನೊಬ್ಬರು ಬಂದು ಅದೇ ಪೆನ್ನಿನಲ್ಲಿ ತೆಗೆಯಬಹುದು. ಶಾಸನಸಭೆಯೇ ಕಾಯ್ದೆ ಮಾಡಲಿ ಅನ್ನೋದು ನನ್ನ ವಾದ. ಟ್ರಸ್ಟಿ ಅಂತ ಸಂವಿಧಾನದಲ್ಲಿ ಬರೆದುಕೊಂಡವರಿಗೆ ಅಷ್ಟು ಮಾಡಲು ಏನು ಕಷ್ಟ?

ಈ ಎಲ್ಲ ಕಥೆ ಫೋನಿನಲ್ಲಿ ಹೇಳಿದೆ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡು, "ತಡೆ ಇತ್ತು ಅಂತೀಯ. ಹಾಗಾದರೆ ಅವತ್ತು ನಾವು ಕಂಡ ಟ್ಯಾಂಕರ್‌ಗಳು?" ಅಂದರು.

ಹಳೇ ಲೀಸಿನವು ಅಪ್ಪಯ್ಯ. ತಡೆ ಇರೋದು ಹೊಸದಕ್ಕೆ ಮಾತ್ರ.