ಸೇತುವೆ ದಾಟಿದರೆ ಮೂಳೆಗೆ ಬೇರೆ ಬೆಲೆ

ಮೈಸೂರಿನಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ತಪಾಸಣೆ ಮಾಡಿ ನಿವೃತ್ತರಾದ ನನ್ನ ಮಾವನವರು, ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದ ಮೂರನೆಯ ದಿನ, ಊಟದ ಮೇಜಿನ ಮೇಲೆ ಬಿದ್ದಿದ್ದ ಕಾರಿನ ವಿಮಾ ಪತ್ರವನ್ನು ಕೈಗೆತ್ತಿಕೊಂಡು, "ಇದೇನಮ್ಮ 30/60/15? ತಾರೀಖೋ, ಯಾರದಾದರೂ ಬಿ.ಪಿ.ಯೋ?" ಎಂದು ಕೇಳಿದರು.

ನಾನು ವಿವರಿಸಿದೆ. ನನ್ನ ತಪ್ಪಿನಿಂದ ಅಪಘಾತವಾದರೆ, ಗಾಯಗೊಂಡರೂ ಸತ್ತರೂ ಒಬ್ಬರಿಗೆ ಹೆಚ್ಚೆಂದರೆ 30 ಸಾವಿರ ಡಾಲರ್. ಎಷ್ಟೇ ಜನರಿದ್ದರೂ ಎಲ್ಲರಿಗೂ ಸೇರಿ 60 ಸಾವಿರ. ಅವರ ಕಾರು, ಬೇಲಿ, ಗೋಡೆಗಳಿಗೆ 15 ಸಾವಿರ. ಕಾನೂನು ಕೇಳುವ ಕನಿಷ್ಠ ಇಷ್ಟೇ, ನಾನು ಮಾಡಿಸಿದ್ದೂ ಅಷ್ಟೇ. "ಆ ಕಾರಿನಲ್ಲಿ ಐವರಿದ್ದರೆ?" ಎಂದರು ಮಾವನವರು. "ಯಾರ ಮೂಳೆ ಹೆಚ್ಚು ಮುರಿದಿದೆ ಎಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಪಂಚಾಯಿತಿ ಮಾಡಿಕೊಳ್ಳಬೇಕೇ?" ಮಿಕ್ಕ ಹಣಕ್ಕೆ ಗಾಯಾಳುಗಳು ನನ್ನ ಸಂಬಳ, ಉಳಿತಾಯಗಳ ಮೇಲೆ ದಾವೆ ಹೂಡಬಹುದೆಂಬುದನ್ನು ಹೇಳುವಾಗ, ಇಷ್ಟು ವರ್ಷ ಕಾನೂನುಪಾಲಕಳೆಂದು ಬೀಗುತ್ತಿದ್ದ ನನ್ನ ದನಿ ತಾನಾಗಿಯೇ ತಗ್ಗಿತು.

ಇದೂ ಈಚಿನ ಔದಾರ್ಯ. 1967ರಿಂದ 2024ರ ಕೊನೆಯವರೆಗೆ ಈ ಸಂಖ್ಯೆಗಳು 15/30/5 ಆಗಿಯೇ ಇದ್ದವು. 1967ರಲ್ಲಿ 5 ಸಾವಿರ ಡಾಲರಿಗೆ ಒಳ್ಳೆಯ ಹೊಸ ಕಾರೇ ಬರುತ್ತಿತ್ತು. ಇಂದು ಅಷ್ಟು ಹಣ ಕ್ಯಾಮೆರಾ, ಸೆನ್ಸರುಗಳನ್ನು ಹೊದ್ದ ಒಂದು ಬಂಪರು, ಒಂದು ಹೆಡ್‌ಲೈಟುಗಳಿಗೇ ಕರಗಿ ಹೋಗಬಹುದು. ಈ ಅವಧಿಯಲ್ಲಿ ದೇಶದ ಬೆಲೆಗಳು ಒಂಬತ್ತು ಪಟ್ಟಿಗೂ ಹೆಚ್ಚು ಏರಿದವು. ಮನುಷ್ಯನ ಬೆಲೆಯನ್ನು ಶಾಸನಸಭೆ ದೀರ್ಘಾಲೋಚನೆಯ ನಂತರ ಎರಡು ಪಟ್ಟು ಏರಿಸಿತು. ಈ ಮೊತ್ತವೂ ಸಾಲದೆಂಬುದು ಅದಕ್ಕೆ ಆಗಲೇ ಗೊತ್ತಿದ್ದಿರಬೇಕು, ಏಕೆಂದರೆ ಅದೇ ಕಾಯಿದೆಯಲ್ಲಿ 2035ಕ್ಕೆ 50/100/25 ಎಂದೂ ಬರೆದಿಟ್ಟಿದೆ. ಕೈಕಾಲು ಮುರಿದುಕೊಳ್ಳುವ ಯೋಚನೆಯಿರುವವರು ಅಲ್ಲಿಯವರೆಗೆ ತಡೆದುಕೊಂಡರೆ ಲಾಭವಿದೆ.

ಆದರೂ ಫ್ಲಾರಿಡಾದ ಮುಂದೆ ನಮ್ಮ ರಾಜ್ಯ ಧರ್ಮರಾಯನೇ. ಅಲ್ಲಿ ಸಾಮಾನ್ಯ ಕಾರಿನ ಒಡೆಯ ಪರರ ಆಸ್ತಿಗೆ ಆಗುವ ಹಾನಿಗೆ 10 ಸಾವಿರದ ವಿಮೆ ಮಾಡಿಸಲೇಬೇಕು. ಪರರ ದೇಹಕ್ಕೆ ಆಗುವ ಹಾನಿಗೆ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಎಂದರೆ, ನಾನು ಒಬ್ಬರ ಮನೆಯೆದುರಿನ ಅಂಚೆಪೆಟ್ಟಿಗೆಯನ್ನೂ ಕಾಗದ ತೆಗೆಯಲು ಬಂದ ಮನೆಯಾತನನ್ನೂ ಒಟ್ಟಿಗೆ ಉರುಳಿಸಿದರೆ, ಅಂಚೆಪೆಟ್ಟಿಗೆಯ ಯೋಗಕ್ಷೇಮವನ್ನು ಕಾನೂನು ಮೊದಲೇ ನೋಡಿಕೊಂಡಿರುತ್ತದೆ. ಮನೆಯಾತ ತನ್ನದೇ ಕಾರಿನ ವಿಮೆಯಲ್ಲಿರುವ 10 ಸಾವಿರದ ವೈಯಕ್ತಿಕ ಗಾಯದ ರಕ್ಷಣೆಯ ಬಾಗಿಲು ತಟ್ಟಬೇಕು. ಅದು ಆಸ್ಪತ್ರೆಯ ವೆಚ್ಚದಲ್ಲಿ ನೂರಕ್ಕೆ ಎಂಬತ್ತನ್ನು ಕೊಡುತ್ತದೆ, ಅದೂ ಅಪಘಾತವಾದ 14 ದಿನಗಳೊಳಗೆ ಚಿಕಿತ್ಸೆ ಆರಂಭಿಸಿದ್ದರೆ ಮಾತ್ರ. ಹದಿನೈದನೆಯ ದಿನ ಬೆಳಗ್ಗೆ ಮೊದಲ ಬಾರಿಗೆ ಕುತ್ತಿಗೆ ಹಿಡಿದುಕೊಂಡವನು ತಿಥಿ ನೋಡದೆ ನೋಯಿಸಿಕೊಂಡ ಅವಿವೇಕಿ.

ನ್ಯೂ ಹ್ಯಾಂಪ್‌ಷೈರಿನಲ್ಲಿ ವಿಮೆ ಕಡ್ಡಾಯವೇ ಅಲ್ಲ. 'ಸ್ವತಂತ್ರನಾಗಿ ಬಾಳು, ಇಲ್ಲವೇ ಸಾಯಿ' ಎಂಬರ್ಥದ ಧ್ಯೇಯವಾಕ್ಯವನ್ನು ಆ ರಾಜ್ಯ ಕಾರಿನ ನಂಬರ್ ಪ್ಲೇಟಿನ ಮೇಲೆಯೇ ಅಚ್ಚು ಹಾಕಿಸುತ್ತದೆ. ಎರಡರಲ್ಲಿ ಯಾವುದು ಗುದ್ದುವವನಿಗೆ, ಯಾವುದು ಗುದ್ದಿಸಿಕೊಂಡವನಿಗೆ ಎಂಬುದನ್ನು ಮಾತ್ರ ಬಿಡಿಸಿ ಹೇಳಿಲ್ಲ. ಅಲ್ಲಿನ ಪೋರ್ಟ್ಸ್‌ಮತ್ ಪಟ್ಟಣದಿಂದ ಪಿಸ್ಕಾಟಕ್ವಾ ನದಿಯ ಸೇತುವೆ ದಾಟಿದರೆ ಮೇನ್ ರಾಜ್ಯದ ಕಿಟರಿ. ಕಿಟರಿಯವನು 50/100/25ರ ವಿಮೆಯಿಲ್ಲದೆ ಕಾರು ರಸ್ತೆಗಿಳಿಸುವಂತಿಲ್ಲ, ಪೋರ್ಟ್ಸ್‌ಮತ್ತಿನವನು ಏನೂ ಇಲ್ಲದೆ ಇಳಿಸಬಹುದು. ನದಿಯ ಎರಡೂ ದಡದ ಜನ ಕಾಲು ಮುರಿದಾಗ ಒಂದೇ ರೀತಿ ಕೂಗುತ್ತಾರೆಂದು ನನ್ನ ನಂಬಿಕೆ.

ವರ್ಜೀನಿಯಾ ಇನ್ನೂ ಜಾಣತನ ತೋರಿತ್ತು. 2024ರ ಜೂನ್ ಮುಗಿಯುವವರೆಗೂ ಅಲ್ಲಿ 500 ಡಾಲರ್ ಶುಲ್ಕ ಕಟ್ಟಿದವರು ವಿಮೆಯಿಲ್ಲದೆ ಕಾರು ಓಡಿಸಬಹುದಿತ್ತು. ಆ ಶುಲ್ಕದಿಂದ ಯಾರಿಗೂ ಯಾವ ರಕ್ಷಣೆಯೂ ದೊರೆಯುತ್ತಿರಲಿಲ್ಲ. ವಿಮೆ ಇಲ್ಲ ಎಂಬುದಕ್ಕೇ ಅದು ರಸೀದಿ.

ಇಂಥವರೆಲ್ಲ ರಸ್ತೆಯಲ್ಲಿರುವುದರಿಂದ, ವಿಮೆಯಿಲ್ಲದವರು ನಮಗೆ ಗುದ್ದಿದರೆ ಒದಗಲೆಂದು ನಾವೇ ಇನ್ನೊಂದು ವಿಮೆ ಮಾಡಿಸಿಕೊಳ್ಳುವ ಏರ್ಪಾಡೂ ಇದೆ. ಊರಿನ ಕಳ್ಳನ ಜಾಮೀನಿನ ಹಣವನ್ನು ಮನೆಯವರೇ ಮುಂಗಡವಾಗಿ ಕಟ್ಟಿಡುವ ಈ ಪದ್ಧತಿಯನ್ನು ಕೇಳಿ ಮಾವನವರು ಕಾಫಿ ಲೋಟವನ್ನು ಕೆಳಗಿಟ್ಟರು. "ನಮ್ಮಲ್ಲಿ ವಾಸಿ. ಥರ್ಡ್ ಪಾರ್ಟಿಯಲ್ಲಿ ಕಾರು, ಗೋಡೆಗೆ ಏಳೂವರೆ ಲಕ್ಷದ ಮಿತಿ ಇದೆ, ಜೀವಕ್ಕೆ ಮಿತಿ ಇಲ್ಲ. ವಯಸ್ಸು, ಸಂಪಾದನೆ ನೋಡಿ ನ್ಯಾಯಮಂಡಳಿ ಎಷ್ಟೆನ್ನುತ್ತದೋ ಅಷ್ಟು" ಎಂದರು. ಅಲ್ಲಿ ವಿಮೆಯನ್ನೇ ಕಾಣದ ಸ್ಕೂಟರುಗಳು ಎಷ್ಟೆಂದು ನಾನು ಕೇಳಿದೆ. ಅವರು ಲೋಟವನ್ನು ಮತ್ತೆ ಎತ್ತಿಕೊಂಡರು.

ಅಂದು ಸಂಜೆ ಸನ್ನಿವೇಲ್‌ನ ದೇವಸ್ಥಾನಕ್ಕೆ ಹೋದೆವು. ಪಾರ್ಕಿಂಗಿನಲ್ಲಿ ಜಾಗ ಬೇಕಾದಷ್ಟಿತ್ತು. ಮಾವನವರು ಕಿಟಕಿಯ ಗಾಜಿಳಿಸಿ, ನಿಂತಿದ್ದ ಟೆಸ್ಲಾಗಳನ್ನೂ ಬಿ.ಎಂ.ಡಬ್ಲ್ಯು.ಗಳನ್ನೂ ಒಂದೊಂದಾಗಿ ತಪಾಸಣೆ ಮಾಡುತ್ತ, "ಹದಿನೈದು ಸಾವಿರದೊಳಗಿನ ಕಾರು ಕಂಡರೆ ಅದರ ಪಕ್ಕ ನಿಲ್ಲಿಸಮ್ಮ" ಎಂದರು. ಮೂರು ಸುತ್ತು ಹಾಕಿದೆವು. ಕೊನೆಗೆ ಎರಡು ಬೀದಿಗಳಾಚೆ, ಖಾಲಿ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, ನಡೆದುಕೊಂಡೇ ಮಂಗಳಾರತಿಗೆ ಹೋದೆವು.