ಪಾಲ್ ನ್ಯೂಮನ್‌ಗಾಗಿ ಮಾಡಿಸಿದ ವಾಚಲ್ಲ

‘ರೋಲೆಕ್ಸ್ ಕಂಪನಿ ಹಾಲಿವುಡ್ ನಟ ಪಾಲ್ ನ್ಯೂಮನ್‌ಗಾಗಿಯೇ ಒಂದು ಆಟೊಮ್ಯಾಟಿಕ್ ಡೇಟೋನಾ ತಯಾರಿಸಿತ್ತು, ಅದಕ್ಕೇ ಅಷ್ಟು ಬೆಲೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. (ಡೇಟೋನಾ ಎಂದರೆ ರೋಲೆಕ್ಸ್‌ನ ಒಂದು ಮಾದರಿಯ ವಾಚು; ಆಟೊಮ್ಯಾಟಿಕ್ ಎಂದರೆ ಕೈಯ ಅಲುಗಾಟಕ್ಕೆ ತಾನೇ ಕೀಲಿ ಸುತ್ತಿಕೊಳ್ಳುವಂಥದ್ದು.)

‘ಪಾಲ್ ನ್ಯೂಮನ್’ ಎನ್ನುವುದು ಸಂಗ್ರಾಹಕರು ಆಮೇಲೆ ಇಟ್ಟ ಅಡ್ಡಹೆಸರು, ಅದೂ ಒಂದು ಬಗೆಯ ಡಯಲ್‌ಗೆ. ಒಳಗಿನ ಪುಟ್ಟ ವೃತ್ತಗಳಲ್ಲಿ ಗೆರೆಗಳ ತುದಿಗೆ ಸಣ್ಣ ಚೌಕಗಳಿರುತ್ತವೆ. ಎಡಗಡೆಯ ಸೆಕೆಂಡಿನ ವೃತ್ತದಲ್ಲಿ 15, 30, 45, 60 ಎಂದಿರುತ್ತದೆ. ಮಾಮೂಲಿ ಡೇಟೋನಾದಲ್ಲಾದರೆ 20, 40, 60. ‘ಪಾಲ್ ನ್ಯೂಮನ್’ ಡಯಲ್‌ನ ವಾಚೂ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದದ್ದೇ. ನ್ಯೂಮನ್‌ಗೂ ಅದನ್ನು ಕೊಡಿಸಿದ್ದು ಕಂಪನಿಯಲ್ಲ, ಹೆಂಡತಿ ಜೋನ್ ವುಡ್‌ವರ್ಡ್. ಹಿಂಬದಿಯಲ್ಲಿ ‘ಗಾಡಿ ಹುಷಾರಾಗಿ ಓಡಿಸು’ ಎಂಬರ್ಥದ ಮಾತು ಕೆತ್ತಿಸಿದ್ದರು. ರೇಸ್ ಹುಚ್ಚಿನ ಗಂಡನಿಗೆ ಇನ್ನೇನು ಹೇಳಿಯಾರು!

ಆ ಸ್ಟೀಲ್ ವಾಚು 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೆ ಹೋದದ್ದು ನಿಜ. ಆದರೆ ಆ ಬೆಲೆ ನ್ಯೂಮನ್ ಕೈಯಲ್ಲಿದ್ದ ಆ ಒಂದೇ ವಾಚಿನದು.

ಆಟೊಮ್ಯಾಟಿಕ್ ಎನ್ನುವುದಂತೂ ಶುದ್ಧ ಸುಳ್ಳು. 1988ರವರೆಗೆ ಡೇಟೋನಾಗಳಿಗೆ ಕೈಯಲ್ಲೇ ಕೀಲಿ ಕೊಡಬೇಕಿತ್ತು. ‘ಅರವತ್ತರ ದಶಕದ ಆಟೊಮ್ಯಾಟಿಕ್ ನ್ಯೂಮನ್’ ಎಂದು ಯಾರಾದರೂ ತೋರಿಸಿದರೆ ಮುಂಗಡ ಕೊಡಬೇಡಿ. ಕೀಲಿ ಕೊಡುವ ವಾಚಾದರೂ ಡಯಲನ್ನು ಬಲ್ಲವರಿಂದ ನೋಡಿಸಿ, ಏಕೆಂದರೆ ಹೆಚ್ಚಾಗಿ ನಕಲಿ ಮಾಡುವುದು ಅದನ್ನೇ.