ಕಾರಿನ ಗಾಜಿನ ಮೇಲಿನ ಶಿಲುಬೆಯೂ ಮನೆಗೆಲಸದವರ ಸಂಬಳವೂ

ಒಬ್ಬ ಮನುಷ್ಯ ನಿಜಕ್ಕೂ ಕ್ರೈಸ್ತನೇ ಎಂದು ತಿಳಿಯಬೇಕಾದರೆ ಅವನ ಚರ್ಚಿನ ಸಭಾಪಾಲಕರನ್ನು, ಅಂದರೆ ಪಾಸ್ಟರರನ್ನು, ಕೇಳಿ ಪ್ರಯೋಜನವಿಲ್ಲ. ಅವನ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸನ್ನು ಕೇಳಬೇಕು. ಅವನ ಮನೆಯಲ್ಲಿ ಬಾಡಿಗೆಗಿದ್ದು, ಬಿಟ್ಟ ಮೇಲೆ ಮುಂಗಡದ ಹಣಕ್ಕಾಗಿ ಅಲೆದವನನ್ನು ಕೇಳಬೇಕು. ಸಭಾಪಾಲಕರು ನೋಡುವುದು ಭಾನುವಾರದ ಇಸ್ತ್ರಿ ಅಂಗಿಯನ್ನು. ಆ ಅಂಗಿಗೆ ಇಸ್ತ್ರಿ ಹಾಕಿದವನಿಗೆ ಕೊಡಬೇಕಾದ ಬಾಕಿ ಅವರ ಕಣ್ಣಿಗೆ ಬೀಳುವುದಿಲ್ಲ.

ನಮ್ಮವರಲ್ಲಿ ಈಗ ಕಾಣಿಸಿಕೊಳ್ಳುವ ಉತ್ಸಾಹ ಹೆಚ್ಚಾಗಿದೆ. ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಬೈಬಲ್ ವಾಕ್ಯ, ಫೇಸ್‌ಬುಕ್‌ನಲ್ಲಿ ಉಪವಾಸ ಕೂಟದ ನೇರಪ್ರಸಾರ, ಕಾರಿನ ಹಿಂಬದಿ ಗಾಜಿನ ಮೇಲೆ ‘ಯೇಸುವೇ ರಕ್ಷಕನು’. ಬರೆಸಿಕೊಳ್ಳಲಿ, ತಕರಾರಿಲ್ಲ. ಆದರೆ ಆ ಕಾರು ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗಿ ಬಂದು, ಮೇಲಿಂದ ಹಾರ್ನ್ ಬಾರಿಸಿದರೆ ಜನ ಏನನ್ನು ನಂಬಬೇಕು?

‘ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದು ಕರ್ತನೇ ಹೇಳಿದ್ದಾನಲ್ಲ’ ಎಂದು ಕೂಡಲೇ ಉತ್ತರ ಬರುತ್ತದೆ. ಹೌದು, ಬೈಬಲಿನ ಮತ್ತಾಯನ ಸುವಾರ್ತೆ, ಐದನೆಯ ಅಧ್ಯಾಯ. ಯೇಸು ಬೆಟ್ಟದ ಮೇಲೆ ಮಾಡಿದ ಅದೇ ಬೋಧನೆಯ, ಪರ್ವತ ಪ್ರಸಂಗದ, ಮುಂದಿನ ಅಧ್ಯಾಯವನ್ನೂ ಓದೋಣ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು, ಪ್ರಾರ್ಥನೆಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳಬೇಕು, ಉಪವಾಸವಿದ್ದಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡು ಯಾರಿಗೂ ಗೊತ್ತಾಗದಂತೆ ಇರಬೇಕು. ಒಂದೇ ಬೋಧನೆಯಲ್ಲಿ ಎರಡು ಅಪ್ಪಣೆ. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಬಚ್ಚಿಡು ಎಂದದ್ದು ಭಕ್ತಿಯನ್ನು ಮತ್ತು ದಾನವನ್ನು. ಬೆಳಕಿನ ಮಾತು ಬರುವುದಾದರೋ ನೀತಿಗಾಗಿ ಹಸಿದವರು, ಕರುಣೆಯುಳ್ಳವರು, ಸಮಾಧಾನಪಡಿಸುವವರು ಧನ್ಯರು ಎಂದು ಹೇಳಿದ ಬೆನ್ನಿಗೆ. ಅಂದರೆ ಜನರಿಗೆ ಕಾಣಬೇಕಾದದ್ದು ನಡತೆ. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಪ್ರಾರ್ಥನೆಗೆ ಧ್ವನಿವರ್ಧಕ, ದಾನಕ್ಕೆ ಅಮೃತಶಿಲೆಯ ಫಲಕ. ಆಳುಕಾಳುಗಳ ಕೂಲಿಯ ಲೆಕ್ಕ ಮಾತ್ರ ಬಾಗಿಲು ಮುಚ್ಚಿದ ಕೋಣೆಯಲ್ಲಿ.

ಲೂಕನ ಸುವಾರ್ತೆಯ ಜಕ್ಕಾಯನನ್ನು ನೋಡಿ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಊರಿಗೇ ಬೇಡವಾದವನು. ಯೇಸು ಅವನ ಮನೆಗೆ ಹೋದಾಗ ಅವನು ಹಾಡಿದನೆಂದೋ ಕಣ್ಣೀರಿಟ್ಟನೆಂದೋ ಲೂಕ ಬರೆದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಎದ್ದು ನಿಂತು ಹೇಳಿದ. ‘ಈ ಮನೆಗೆ ಈ ಹೊತ್ತು ರಕ್ಷಣೆಯಾಯಿತು’ ಎಂಬ ಮಾತು ಬಂದದ್ದು ಆಮೇಲೆ. ನಮ್ಮ ಸಾಕ್ಷಿ ಹೇಳುವ ಕೂಟಗಳಲ್ಲಿ ಕುಡಿತ ಬಿಟ್ಟವರ, ಕಾಯಿಲೆ ವಾಸಿಯಾದವರ, ವೀಸಾ ಸಿಕ್ಕವರ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ತಮ್ಮನಿಗೆ ಸೇರಬೇಕಾದ ಜಮೀನನ್ನು ಬಿಟ್ಟುಕೊಟ್ಟೆ ಎಂಬ ಸಾಕ್ಷಿ ಇನ್ನೂ ಕಿವಿಗೆ ಬಿದ್ದಿಲ್ಲ.

‘ನಮ್ಮ ಆಸ್ಪತ್ರೆಗಳಿವೆ, ಶಾಲೆಗಳಿವೆ’ ಎಂಬುದು ಮುಂದಿನ ಮಾತು. ಇವೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಹಂಚಲು ತೊಡಗಿ, ಬೇರೆಯವರು ಮುಟ್ಟಲು ಹೇಸುತ್ತಿದ್ದ ಕುಷ್ಠರೋಗಿಗಳಿಗೂ ಜಾಗ ಮಾಡಿಕೊಟ್ಟರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ಶುರುವಾದದ್ದು. ಊರವರ ಬಾಯಲ್ಲಿ ಅದು ಇಂದಿಗೂ ಮಿಷನ್ ಆಸ್ಪತ್ರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ದೀಕ್ಷಾಸ್ನಾನ ಪಡೆದು ಮನೆಮಠ ಕಳೆದುಕೊಂಡವರ ಹೊಟ್ಟೆಪಾಡಿಗಾಗಿ ನೇಯ್ಗೆ ಕಲಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಇವೆಲ್ಲ ಸತ್ಯವೇ. ಆದರೆ ಇದು ಹಿರಿಯರು ಇಟ್ಟುಹೋದ ಠೇವಣಿ. ನಾವು ಅದರ ಬಡ್ಡಿಯಲ್ಲಿ ಮರ್ಯಾದೆಯ ಜೀವನ ನಡೆಸುತ್ತಿದ್ದೇವೆ. ನಮ್ಮ ಹೆಸರಿನಲ್ಲಿ ಜಮೆಯಾದದ್ದೆಷ್ಟು?

ಇನ್ನು ಸೇವೆಯನ್ನೇ ಸಂಶಯದಿಂದ ನೋಡುವ ಕಾಲವಿದು. ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆಯಲ್ಲಿ ಆಮಿಷದ ಪಟ್ಟಿಯೊಳಗೆ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವನ್ನೂ ಸೇರಿಸಿದ್ದರು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಒಂದು ಮಾತು: ಹೊತ್ತಿಗೆ ಸರಿಯಾಗಿ ಪೂರ್ತಿ ಸಂಬಳ ಕೊಡುವುದನ್ನು ಯಾವ ಕಾಯ್ದೆಯೂ ಆಮಿಷ ಎನ್ನಲಾರದು. ಕೊಯ್ಲಿನ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಂಡು ದೇವರ ಕಿವಿ ಮುಟ್ಟುತ್ತದೆ ಎಂದು ಬೈಬಲಿನಲ್ಲಿರುವ ಯಾಕೋಬನ ಪತ್ರ ಎಚ್ಚರಿಸುತ್ತದೆ.

ಒಡಿಶಾದಲ್ಲಿ ಸೇವೆ ಮಾಡಿದ ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಅವರ ವಿಷಯ ಹೇಳದೆ ಇರಲಾರೆ. 1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರ ಪತಿ ಗ್ರಹಾಂ ಸ್ಟೇನ್ಸ್‌ರನ್ನೂ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ಗುಂಪೊಂದು ಬೆಂಕಿ ಹಚ್ಚಿ ಕೊಂದಿತು. ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಆಕೆ ಹೇಳಿದ್ದು ದೇಶಕ್ಕೆಲ್ಲ ಗೊತ್ತು; ನಮ್ಮ ಪ್ರಸಂಗಪೀಠಗಳಿಂದ ಅದನ್ನು ಮತ್ತೆಮತ್ತೆ ಕೇಳುತ್ತೇವೆ. ಯಾರೂ ಹೆಚ್ಚು ಹೇಳದ ಭಾಗ ಇದು: ಗ್ರಹಾಂ 1965ರಿಂದ ಅಲ್ಲಿದ್ದರು, ಬಾರಿಪದಾದ ಕುಷ್ಠರೋಗಿಗಳ ಆಶ್ರಮದಲ್ಲಿ ದುಡಿಯುತ್ತಿದ್ದರು. ಮೂವರನ್ನು ಮಣ್ಣು ಮಾಡಿದ ಮೇಲೂ ಗ್ಲಾಡಿಸ್ ಮಗಳೊಂದಿಗೆ ಅಲ್ಲಿಯೇ ಉಳಿದರು, 2004ರವರೆಗೂ ಅದೇ ಕೆಲಸ ಮುಂದುವರಿಸಿದರು. ಮರುವರ್ಷ ಸರ್ಕಾರ ಪದ್ಮಶ್ರೀ ಕೊಟ್ಟಿತು. ಕ್ಷಮೆಯ ಮಾತನ್ನು ಒಂದು ದಿನ ಕ್ಯಾಮೆರಾ ಮುಂದೆ ಹೇಳಬಹುದು. ಅದಾದ ಮೇಲೆ ಐದು ವರ್ಷ ಅದೇ ಜಿಲ್ಲೆಯಲ್ಲಿ, ಅದೇ ರೋಗಿಗಳ ನಡುವೆ ಇರುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ಕ್ಷಮೆ ತನ್ನದು, ಶಿಕ್ಷೆ ಕಾನೂನಿನದು ಎಂಬ ಸ್ಪಷ್ಟತೆಯೂ ಆಕೆಗಿತ್ತು. ನಮ್ಮಲ್ಲಿ ಹಾಗಲ್ಲ, ಖಜಾಂಚಿ ಹಣ ನುಂಗಿದರೆ ‘ಕ್ಷಮಿಸಿಬಿಡೋಣ, ಹೊರಗೆ ಗೊತ್ತಾದರೆ ಸಭೆಯ ಮಾನ ಹೋಗುತ್ತದೆ’ ಎನ್ನುತ್ತೇವೆ.

ಬಹಿರಂಗವಾಗಿ ಕ್ರೈಸ್ತನಾಗಿರು ಎಂದು ಇನ್ನೊಬ್ಬರಿಗೆ ಉಪದೇಶಿಸುವ ಮುನ್ನ ಒಂದನ್ನು ನೆನಪಿಡಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಕ್ರೈಸ್ತರಿಗಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದರೊಳಗೆ ಸೇರಿಸಿದರು. ನಾವು ಹೊರಗೇ ಇದ್ದೇವೆ. ಹೀಗಾಗಿ ಭಾನುವಾರ ಆರಾಧನೆಗೆ ಬರುವ, ದಾಖಲೆಯಲ್ಲಿ ಬೇರೆ ಧರ್ಮ ಬರೆಸಿಕೊಂಡಿರುವ ದಲಿತ ಕುಟುಂಬಗಳಿವೆ. ಅವರನ್ನು ‘ಅರೆ ವಿಶ್ವಾಸಿಗಳು’ ಎಂದು ಗೇಲಿ ಮಾಡುವವರು ಸಾಮಾನ್ಯವಾಗಿ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲದವರು. ಅದೇ ಜನ ಮಗಳಿಗೆ ಸಂಬಂಧ ಹುಡುಕುವಾಗ, ನಾಲ್ಕು ತಲೆಮಾರಿನ ಹಿಂದೆ ಬಿಟ್ಟೆವೆಂದು ಹೇಳುವ ಜಾತಿಯನ್ನು ಮೆಲ್ಲಗೆ ವಿಚಾರಿಸುತ್ತಾರೆ. ಕರಾವಳಿಯ ಕಥೋಲಿಕರಲ್ಲಿ ಬಾಮಣ, ಚಾರ್ಡಿ ಎಂಬ ಹಳೆಯ ಜಾತಿಭೇದಗಳನ್ನು ಆಡಿಕೊಂಡು ನಗುವ ನಮ್ಮ ಪ್ರೊಟೆಸ್ಟಂಟರೂ ಇದಕ್ಕೆ ಹೊರತಲ್ಲ. ವರದಕ್ಷಿಣೆಯ ಬಗ್ಗೆ ಏನು ಹೇಳಲಿ. ಒಪ್ಪಂದ ಮುಗಿದ ಮೇಲೆ ಸಭಾಪಾಲಕರನ್ನು ಕರೆಸಿ ಪ್ರಾರ್ಥನೆ ಮಾಡಿಸುತ್ತೇವೆ.

ಸಂಬಳದ ವಿಷಯಕ್ಕೆ ಮರಳಿದರೆ, ದೂರ ಹೋಗಬೇಕಾಗಿಲ್ಲ. ಚರ್ಚಿನ ಅಂಗಳ ಗುಡಿಸುವವರು, ರಾತ್ರಿ ಕಾವಲುಗಾರ, ನಮ್ಮ ಶಾಲೆಗಳ ಆಯಾಗಳು, ಅನುದಾನವಿಲ್ಲದ ತರಗತಿಗಳ ಶಿಕ್ಷಕಿಯರು: ಇವರಲ್ಲಿ ಎಷ್ಟು ಜನರಿಗೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ ಸಿಗುತ್ತಿದೆ? ಭವಿಷ್ಯನಿಧಿ ಎಷ್ಟು ಜನರಿಗಿದೆ? ಸಹಿ ಮಾಡಿದಷ್ಟೇ ಹಣ ಎಷ್ಟು ಜನರ ಕೈಗೆ ಬರುತ್ತಿದೆ? ಗೋಪುರಕ್ಕೆ ಹೊಸ ದೀಪಾಲಂಕಾರದ ಅಂದಾಜುಪಟ್ಟಿ ನಮ್ಮ ಸಮಿತಿಯ ಮುಂದಿದೆ. ವಾರ್ಷಿಕ ಸಭೆಯಲ್ಲಿ ಅದರ ಚರ್ಚೆಗೆ ಮೊದಲು ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳುತ್ತೇನೆ. ಈ ಬರಹಕ್ಕೆ ‘ಆಮೆನ್’ ಎಂದು ಬರೆಯುವ ನಮ್ಮ ಸಭೆಯವರು ಅಂದು ನನ್ನ ಜೊತೆ ಕೈ ಎತ್ತಿದರೆ ಸಾಕು.